ಮರೀನಾಳ ಕೋಟು, ಈಸೂರಿನ ಟೋಪಿ

ರೋಮ್ ನಗರದ ಒಂದು ಬೇಕರಿ. ಹೆಂಗಸರು ಒಳಗೆ ನುಗ್ಗಿ ರೊಟ್ಟಿ ಸೂರೆ ಮಾಡುತ್ತಿದ್ದಾರೆ. ಯುದ್ಧದ ಕಾಲ, ರೇಷನ್ನಿನ ರೊಟ್ಟಿ ಯಾರ ಹೊಟ್ಟೆಗೂ ಸಾಲದು. ಆ ನೂಕುನುಗ್ಗಲಿನೊಳಗಿಂದ ಪೀನಾ ಎಂಬವಳು ಚೀಲದ ತುಂಬ ರೊಟ್ಟಿ ತುಂಬಿಕೊಂಡು ಏದುಸಿರು ಬಿಡುತ್ತ ಹೊರಗೆ ಬರುತ್ತಾಳೆ. ವಿಧವೆ. ಒಬ್ಬ ಮಗನಿದ್ದಾನೆ. ಈಗ ಬಸುರಿ. ನಾಳೆ ಬೆಳಿಗ್ಗೆ ಮದುವೆ. ಎದುರಿಗೆ ಪೊಲೀಸಿನವನು ನಿಂತಿದ್ದಾನೆ. ಹಿಡಿದು ಠಾಣೆಗೆ ಒಯ್ಯಬೇಕಾದವನು ಅವಳ ಜೊತೆ ಮಾತಾಡುತ್ತ ಮನೆಯ ತನಕ ನಡೆದುಬರುತ್ತಾನೆ. ಅವನಿಗೂ ಹಸಿವು. ಪೀನಾ ಅವನ ಕೈಗೂ ರೊಟ್ಟಿ ಇಡುತ್ತಾಳೆ. ಯುದ್ಧದ ಸಿನಿಮಾ ಎಂದರೆ ವಿಮಾನ, ಟ್ಯಾಂಕು, ಢಂ ಢಂ ಸದ್ದು ಎಂದು ಕಾದು ಕುಳಿತವರಿಗೆ ಇದು ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲಿನಂತೆ ಕಾಣುತ್ತದೆ. ಹಾಗೆ ಕಾಣುವುದೇ ಈ ಚಿತ್ರದ ಹೆಚ್ಚುಗಾರಿಕೆ.

ಚಿತ್ರದ ಹೆಸರು 'ರೋಮ್, ಓಪನ್ ಸಿಟಿ'. ಇಟಲಿಯ ರೊಬರ್ತೊ ರೊಸೆಲ್ಲಿನಿ 1945ರಲ್ಲಿ ಮಾಡಿದ್ದು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನಿಂದ ತಪ್ಪಿಸಿಕೊಳ್ಳಲು ರೋಮನ್ನು 1943ರ ಆಗಸ್ಟ್‌ನಲ್ಲಿ 'ತೆರೆದ ನಗರ' ಎಂದು ಸಾರಿದ್ದರು. ಇಲ್ಲಿ ಯುದ್ಧ ಮಾಡುವುದಿಲ್ಲ, ಇದನ್ನು ಬಿಟ್ಟುಬಿಡಿ ಎಂದು ಅದರ ಅರ್ಥ. ಸೆಪ್ಟೆಂಬರಿನಲ್ಲಿ ಇಟಲಿ ಶರಣಾದ ಸುದ್ದಿ ಬಂದ ಕೂಡಲೇ ಜರ್ಮನರು ಬಂದು ಊರನ್ನು ಹಿಡಿದುಕೊಂಡರು. 1944ರ ಜೂನ್ 4ರವರೆಗೆ ಊರು ಅವರ ಕೈಯಲ್ಲಿತ್ತು. ಆ ಒಂಬತ್ತು ತಿಂಗಳಲ್ಲಿ ಜರ್ಮನರಿಗೆ ಎದುರಾಗಿ ಗುಟ್ಟಾಗಿ ಕೆಲಸ ಮಾಡಿದವರ ಕತೆ ಇದು. ಚಿತ್ರೀಕರಣ ಸುರುವಾಗಿದ್ದು 1945ರ ಜನವರಿಯಲ್ಲಿ. ಆಗಿನ್ನೂ ಉತ್ತರ ಇಟಲಿಯಲ್ಲಿ ಯುದ್ಧ ನಡೆಯುತ್ತಿತ್ತು. ಸ್ಟುಡಿಯೋ ಇಲ್ಲ, ದುಡ್ಡಿಲ್ಲ, ಫಿಲ್ಮು ಸಿಕ್ಕಲ್ಲಿ ಸಿಕ್ಕಷ್ಟು ತಂದದ್ದು. ಹಸಿ ಗಾಯದ ಮೇಲೇ ಕ್ಯಾಮೆರಾ ಇಟ್ಟ ಹಾಗೆ. ಪೀನಾ ಆಗಿ ನಟಿಸಿದ ಅನ್ನಾ ಮಾನ್ಯಾನಿ, ಪಾದ್ರಿ ಡಾನ್ ಪಿಯೆತ್ರೊ ಆಗಿ ನಟಿಸಿದ ಆಲ್ಡೊ ಫಬ್ರಿಝಿ ಇಬ್ಬರೂ ಅದಕ್ಕೆ ಮೊದಲು ಜನರನ್ನು ನಗಿಸಿ ಹೆಸರಾದವರು.

ಹೆಗ್ಗೋಡಿನ ಶಿಬಿರಗಳಿಗೆ ಹೋಗಿಬಂದ ನಮ್ಮ ಕಡೆಯ ಮೇಷ್ಟ್ರುಗಳಿಗೆ, ಟೀಚರುಗಳಿಗೆ ಒಂದು ಚಾಳಿ ಅಂಟಿಕೊಂಡಿದೆ. ತಿಳಿಯದ ಭಾಷೆಯ ಕಪ್ಪುಬಿಳುಪು ಚಿತ್ರವನ್ನು ಪಟ್ಟು ಹಿಡಿದು ನೋಡುವುದು. ಕೆ.ವಿ. ಸುಬ್ಬಣ್ಣನವರು ಎಪ್ಪತ್ತರ ದಶಕದಲ್ಲಿ ಹಚ್ಚಿದ ಹುಚ್ಚು ಅದು, ಇನ್ನೂ ಬಿಟ್ಟಿಲ್ಲ. ತಂಗಿಯ ಮಗ ಪೆನ್‌ಡ್ರೈವಿನಲ್ಲಿ ಈ ಚಿತ್ರ ತಂದುಕೊಟ್ಟಾಗ ಒಬ್ಬಳೇ ನೋಡಲು ಮನಸ್ಸಾಗಲಿಲ್ಲ. ಸೊರಬದ ನಮ್ಮ ಮನೆಯ ಟೀವಿಗೆ ಹಚ್ಚಿ, ಎದುರುಮನೆಯ ಅಜ್ಜಿಯನ್ನೂ, ಬಟ್ಟೆ ಹೊಲಿಯುವ ಪಕ್ಕದ ಮನೆಯವಳನ್ನೂ, ಅಂಗನವಾಡಿಯ ಒಬ್ಬ ಗೆಳತಿಯನ್ನೂ ಕೂರಿಸಿಕೊಂಡೆ. ಕೆಳಗೆ ಬರುವ ಇಂಗ್ಲಿಷ್ ಅಕ್ಷರಗಳನ್ನು ಹರಿಕತೆ ದಾಸರ ಹಾಗೆ ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಬೇಕರಿಯ ದೃಶ್ಯ ಬಂದಾಗ ಅಜ್ಜಿಗೆ ವಿವರಣೆಯೇ ಬೇಕಾಗಲಿಲ್ಲ. ಬರಗಾಲದಲ್ಲಿ ಅಮೆರಿಕದ ಕೆಂಪು ಜೋಳಕ್ಕೆ ಚೀಲ ಹಿಡಿದು ನಿಂತಿದ್ದನ್ನು ಅವರು ಮರೆತಿಲ್ಲ. "ಹಸ್ದೋರ ಮುಖ ಎಲ್ಲಾ ದೇಶದಾಗೂ ಒಂದೇ ಥರ ಇರ್ತದೆ ಕಣೇ" ಎಂದರು.

ಕತೆ ಹೀಗಿದೆ. ಮಾನ್‌ಫ್ರೆಡಿ ಎಂಬ ಕಮ್ಯುನಿಸ್ಟ್ ಮುಖಂಡನನ್ನು ಜರ್ಮನ್ ಗುಪ್ತ ಪೊಲೀಸರು ಹುಡುಕುತ್ತಿದ್ದಾರೆ. ಅವನು ಮಾಡು ಹತ್ತಿ ತಪ್ಪಿಸಿಕೊಂಡು ಗೆಳೆಯ ಫ್ರಾಂಚೆಸ್ಕೊನ ಬಿಡಾರಕ್ಕೆ ಬರುತ್ತಾನೆ. ಪೀನಾ ಮದುವೆಯಾಗಬೇಕಾದವನು ಇದೇ ಫ್ರಾಂಚೆಸ್ಕೊ, ಮುದ್ರಣದ ಕೆಲಸದವನು. ದೇವರನ್ನು ನಂಬದವರಿಗೂ ನಂಬುವವರಿಗೂ ನಡುವೆ ಓಡಾಡಿ ಹಣ, ಸುದ್ದಿ ಮುಟ್ಟಿಸುವವರು ಡಾನ್ ಪಿಯೆತ್ರೊ. ಮಕ್ಕಳದ್ದೇ ಒಂದು ಪಡೆ ಇದೆ. ಅದಕ್ಕೆ ಕುಂಟ ಹುಡುಗನೊಬ್ಬ ನಾಯಕ. ರಾತ್ರಿ ಈ ಹುಡುಗರು ಜರ್ಮನರಿಗೆ ಸೇರಿದ್ದನ್ನು ಸ್ಫೋಟಿಸಿ, ವೀರರ ಹಾಗೆ ಎದೆಯುಬ್ಬಿಸಿ ಮನೆಗೆ ಬರುತ್ತಾರೆ. ಬಂದರೆ ಏನು ಕಾದಿದೆ? ಮೆಟ್ಟಿಲು ಹತ್ತುತ್ತ ಹತ್ತುತ್ತ ಒಂದೊಂದು ಅಂತಸ್ತಿನಲ್ಲಿ ಒಬ್ಬೊಬ್ಬನಿಗೆ ಮನೆಯವರಿಂದ ಏಟು! ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ ಎಂದು. ನಾವು ನಾಲ್ವರೂ ನಕ್ಕೆವು. ದೇಶಕ್ಕಾಗಿ ಹೋರಾಡಿದವನ ಬೆನ್ನಿಗೂ ಅಮ್ಮನ ಕೈ ತಪ್ಪುವುದಿಲ್ಲ ಎಂಬುದು ರೊಸೆಲ್ಲಿನಿಗೆ ಗೊತ್ತಿತ್ತು.

ಮೆಟ್ಟಿಲ ಮೇಲೆ ಕುಳಿತು ಪೀನಾ, ಫ್ರಾಂಚೆಸ್ಕೊ ಮಾತಾಡುವ ದೃಶ್ಯವನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗದು. ಆಕೆ ಸುಸ್ತಾಗಿದ್ದಾಳೆ. ಚಳಿಗಾಲ ಮುಗಿಯುವುದೇ ಇಲ್ಲವೇನೋ ಎನಿಸಿದೆ. ಅವನು ಮುಂದೆ ಬರುವ ಒಳ್ಳೆಯ ಕಾಲದ ಮಾತಾಡುತ್ತಾನೆ, ಭಾಷಣದ ಹಾಗಲ್ಲ, ಮಗ್ಗುಲಲ್ಲಿ ಕೂತವಳಿಗೆ ಹೇಳುವ ಹಾಗೆ. ಮರುದಿನ ಬೆಳಿಗ್ಗೆ ಸೈನಿಕರು ವಠಾರವನ್ನು ಸುತ್ತುಗಟ್ಟುತ್ತಾರೆ. ಹೆಂಗಸರನ್ನು ಅಂಗಳಕ್ಕೆ ಇಳಿಸುತ್ತಾರೆ. ಈ ಗಡಿಬಿಡಿಯಲ್ಲೂ ಒಂದು ನಗೆ ಇದೆ. ಅಡಗಿಸಿಟ್ಟ ಆಯುಧ ಸೈನಿಕರ ಕಣ್ಣಿಗೆ ಬೀಳದಿರಲೆಂದು ಡಾನ್ ಪಿಯೆತ್ರೊ ಹಾಸಿಗೆ ಹಿಡಿದ ಮುದುಕನಿಗೆ ಕೊನೆಯ ಮಂತ್ರ ಹೇಳಲು ಬಂದವರಂತೆ ನಟಿಸುತ್ತಾರೆ. ನಾನು ಸಾಯುತ್ತಿಲ್ಲ ಎಂದು ಮುದುಕ ಹಟ ಮಾಡಿದಾಗ ಬಾಣಲೆಯಿಂದ ಅವನ ತಲೆಗೇ ಒಂದು ಕೊಡುತ್ತಾರೆ. ಆ ನಗು ಬಾಯಲ್ಲಿರುವಾಗಲೇ ಫ್ರಾಂಚೆಸ್ಕೊನನ್ನು ಲಾರಿಗೆ ಹತ್ತಿಸುತ್ತಾರೆ. ಪೀನಾ ಸೈನಿಕರನ್ನು ತಳ್ಳಿ, ಅವನ ಹೆಸರು ಕೂಗುತ್ತ ಲಾರಿಯ ಹಿಂದೆ ಓಡುತ್ತಾಳೆ. ಒಂದು ಗುಂಡು. ರಸ್ತೆಯ ಮೇಲೆ ಬೀಳುತ್ತಾಳೆ. ಮಗ ಬಂದು ಅವಳ ಮೇಲೆ ಬಿದ್ದು ಅಳುತ್ತಾನೆ. ಚಿತ್ರ ಇನ್ನೂ ಅರ್ಧ ಬಾಕಿ ಇದೆ! ಹೀರೋಯಿನ್ ಸತ್ತಳಲ್ಲ, ಇನ್ನೇನು ನೋಡುವುದು ಎಂದು ಹೊಲಿಗೆಯವಳು ಎದ್ದೇಬಿಟ್ಟಳು.

ಪೀನಾ ಕಲ್ಪನೆಯ ಹೆಣ್ಣಲ್ಲ. 1944ರ ಮಾರ್ಚ್ 3ರಂದು ರೋಮಿನಲ್ಲಿ ತೆರೆಸಾ ಗುಲ್ಲಾಚೆ ಎಂಬ ಐದು ಮಕ್ಕಳ ತಾಯಿ, ಮತ್ತೆ ಬಸುರಿಯಾಗಿದ್ದವಳು, ಹಿಡಿದಿಟ್ಟ ಗಂಡನನ್ನು ನೋಡಲು ಬ್ಯಾರಕ್ಕಿನ ಮುಂದೆ ಹೋಗಿ ಗುಂಡಿಗೆ ಬಲಿಯಾದಳು. ಬೇಕರಿಯ ಗಲಾಟೆಯೂ ನಿಜವೇ, ಆದರೆ ಚಿತ್ರದಲ್ಲಿ ಇರುವಷ್ಟು ನಗೆಯದ್ದಲ್ಲ. ಅದೇ ವರ್ಷದ ಏಪ್ರಿಲ್ 7ರಂದು ಟೈಬರ್ ನದಿಯ ಕಬ್ಬಿಣದ ಸೇತುವೆಯ ಬಳಿ ರೊಟ್ಟಿಗಾಗಿ ಬೇಕರಿಗೆ ನುಗ್ಗಿದ ಹೆಂಗಸರಲ್ಲಿ ಹತ್ತು ಮಂದಿಯನ್ನು ಸೇತುವೆಯ ಕಟಕಟೆಗೆ ನಿಲ್ಲಿಸಿ ಕೊಂದರು. ಅವರ ನೆನಪಿಗೆ ಅಲ್ಲಿ ಕಲ್ಲು ನಿಲ್ಲಲು ಅರ್ಧ ಶತಮಾನ ಬೇಕಾಯಿತು. ಬಂದೂಕು ಹಿಡಿದು ಸತ್ತವರಿಗೆ ಕಲ್ಲು ಬೇಗ ನಿಲ್ಲುತ್ತದೆ, ರೊಟ್ಟಿ ಹಿಡಿದು ಸತ್ತವರಿಗೆ ತಡ. ಯುದ್ಧ ಮುಗಿಯುವ ಮೊದಲೇ ಹೆಂಗಸರ ಹಸಿವನ್ನೂ ಹೋರಾಟವೆಂದು ಕಂಡು ಚಿತ್ರದ ಮುಂಭಾಗದಲ್ಲೇ ಇಟ್ಟದ್ದಕ್ಕೆ ರೊಸೆಲ್ಲಿನಿಗೂ, ಅವನ ಜೊತೆ ಕತೆ ಬರೆದ ಸೆರ್ಜೊ ಅಮಿದೇಯಿ, ಫೆಲಿನಿಯವರಿಗೂ ನಾನು ಕೈಮುಗಿಯುತ್ತೇನೆ.

ಇಷ್ಟು ಹೊಗಳಿದ ಮೇಲೆ ನನ್ನ ಜಗಳ ಸುರು ಮಾಡಬಹುದು.

ಪೀನಾ ಸತ್ತ ಮೇಲೆ ಚಿತ್ರ ಗಂಡಸರ ಕೈಗೆ ಹೋಗುತ್ತದೆ. ಗೆಳೆಯರು ದಾರಿಯಲ್ಲಿ ದಾಳಿ ಮಾಡಿ ಫ್ರಾಂಚೆಸ್ಕೊನನ್ನು ಬಿಡಿಸುತ್ತಾರೆ. ಅವನೂ ಮಾನ್‌ಫ್ರೆಡಿಯೂ ಮರೀನಾ ಎಂಬವಳ ಮನೆಯಲ್ಲಿ ರಾತ್ರಿ ಕಳೆಯುತ್ತಾರೆ. ಮರೀನಾ ನಾಟ್ಯಶಾಲೆಯಲ್ಲಿ ಕುಣಿಯುವವಳು, ಮಾನ್‌ಫ್ರೆಡಿಯ ಸಖಿ. ಮಾದಕದ ಚಟ ಅಂಟಿದೆ. ಇಂಗ್ರಿಡ್ ಎಂಬ ಜರ್ಮನ್ ಹೆಂಗಸು ಅವಳನ್ನು ಆ ಚಟದಲ್ಲೇ ಕಟ್ಟಿಹಾಕಿದ್ದಾಳೆ. ಆ ರಾತ್ರಿ ಮಾನ್‌ಫ್ರೆಡಿ ಮರೀನಾಳ ಬಾಳನ್ನು ಹೀಗಳೆಯುತ್ತಾನೆ. ಬಡತನ ಏನೆಂದು ನನಗೆ ಗೊತ್ತು, ಅದರ ಭಯ ನಿನಗೇನು ಗೊತ್ತು ಎಂಬ ಧಾಟಿಯಲ್ಲಿ ಅವಳು ಉತ್ತರ ಕೊಡುತ್ತಾಳೆ. ಚಿತ್ರದಲ್ಲಿ ಅವಳಿಗೆ ಸಿಕ್ಕಿದ ನ್ಯಾಯವೆಲ್ಲ ಆ ಎರಡು ನಿಮಿಷದ ಮಾತು. ಬೆಳಗಾಗುವಷ್ಟರಲ್ಲಿ ಅವಳು ಅವರ ಗುಟ್ಟನ್ನು ಇಂಗ್ರಿಡ್‌ಗೆ ಹೇಳಿಯಾಗಿರುತ್ತದೆ. ಪ್ರತಿಫಲ, ಒಂದು ತುಪ್ಪಳದ ಕೋಟು. ಮಾನ್‌ಫ್ರೆಡಿ, ಡಾನ್ ಪಿಯೆತ್ರೊ ಸಿಕ್ಕಿಬೀಳುತ್ತಾರೆ. ಪೀನಾಳ ಮಗ ಅಮ್ಮನ ಸ್ಕಾರ್ಫನ್ನು ಕೊಡಲು ಹಿಂದಿನಿಂದ ಕರೆದದ್ದರಿಂದ ನಾಲ್ಕು ಹೆಜ್ಜೆ ಹಿಂದೆ ಉಳಿದ ಫ್ರಾಂಚೆಸ್ಕೊ ಮಾತ್ರ ಬದುಕುತ್ತಾನೆ. ಕೊನೆಗೆ ಮಾನ್‌ಫ್ರೆಡಿಯ ಸುಟ್ಟು ಜರ್ಜರಿತವಾದ ದೇಹವನ್ನು ಕಂಡು ಮರೀನಾ ಪ್ರಜ್ಞೆ ತಪ್ಪಿ ಬೀಳುತ್ತಾಳೆ. ಇಂಗ್ರಿಡ್ ಬಗ್ಗಿ ಅವಳ ಮೈಮೇಲಿನ ಕೋಟನ್ನು ತೆಗೆದುಕೊಳ್ಳುತ್ತಾಳೆ. ಮುಂದೆ ಇನ್ನೊಬ್ಬಳಿಗೆ ಬೇಕಾಗುತ್ತದಲ್ಲ.

"ಒಂದು ಕೋಟಿನಾಸೆಗೆ ನಂಬಿದೋನ ಜೀವ ತೆಗ್ದಳಲ್ಲ ಪಾಪಿ" ಎಂದಳು ಹೊಲಿಗೆಯವಳು. ಅಂಗನವಾಡಿಯ ಗೆಳತಿಯೂ ಹೌದೆಂದಳು. ಅಜ್ಜಿ ಮಾತ್ರ ತುಸು ಹೊತ್ತು ಸುಮ್ಮನಿದ್ದು, "ಅಲ್ಲಾ ಟೀಚರೇ, ಮೊದಲ್ನೇ ಸೀನಿನಾಗೆ ರೊಟ್ಟಿ ತಗಂಡು ಹೋದ್ನಲ್ಲ ಪೊಲೀಸು, ಅವನೂ ಆ ಸರ್ಕಾರದ್ದೇ ಸಂಬಳ ತಿಂದೋನಲ್ವಾ? ಅವನ್ಗೇನೂ ಇಲ್ವಾ?" ಎಂದು ಕೇಳಿದರು.

ಮೂರು ಸಲ ಚಿತ್ರ ನೋಡಿ ನಾನು ಬರೆದಿಟ್ಟುಕೊಂಡ ಟಿಪ್ಪಣಿಗಿಂತ ಆ ಒಂದು ಪ್ರಶ್ನೆ ದೊಡ್ಡದು. ಚಿತ್ರದಲ್ಲಿ ಇಟಲಿಯ ಗಂಡಸರು ಸಮವಸ್ತ್ರ ತೊಟ್ಟು ಎಲ್ಲೆಲ್ಲಿ ಬರುತ್ತಾರೆ, ನೋಡಿ. ಬೇಕರಿಯ ಪೊಲೀಸು ಪಾಪದವನು. ಜರ್ಮನ್ ಅಧಿಕಾರಿ ಬೆರ್ಗ್‌ಮಾನ್ ಎದುರು ನಿಲ್ಲುವ ಇಟಲಿಯ ಪೊಲೀಸ್ ಮುಖ್ಯಸ್ಥ ಎರಡೇ ದೃಶ್ಯಕ್ಕೆ ಬಂದು, ಫೋಟೋ ಗುರುತು ಹಿಡಿದು ಸರಿದುಹೋಗುತ್ತಾನೆ. ಇನ್ನು ಡಾನ್ ಪಿಯೆತ್ರೊ ಅವರನ್ನು ಕೊಲ್ಲುವ ಕೊನೆಯ ದೃಶ್ಯ. ಮೈದಾನದಲ್ಲಿ ಕುರ್ಚಿಗೆ ಕಟ್ಟಿ ಕೂರಿಸಿದ್ದಾರೆ. ಎದುರಿಗೆ ಬಂದೂಕು ಹಿಡಿದವರು ಇಟಲಿಯ ಸೈನಿಕರು. ಪಾದ್ರಿಯನ್ನು ಕೊಲ್ಲಲು ಅವರಿಗೆ ಕೈ ಬಾರದು, ಬೇಕೆಂದೇ ಗುರಿ ತಪ್ಪಿಸುತ್ತಾರೆ. ಹಾರ್ಟ್‌ಮಾನ್ ಎಂಬ ಜರ್ಮನ್ ಅಧಿಕಾರಿ ತಾನೇ ನಡೆದುಬಂದು ಪಿಸ್ತೂಲಿನಿಂದ ತಲೆಗೆ ಗುಂಡಿಡುತ್ತಾನೆ. ಬೇಲಿಯಾಚೆ ಹುಡುಗರು ಸಿಳ್ಳೆಯಲ್ಲಿ ಒಂದು ರಾಗ ನುಡಿಸುತ್ತಾರೆ, ತಾವಿದ್ದೇವೆ ಎಂದು ಅವರಿಗೆ ತಿಳಿಯಲಿ ಎಂದು. ಎಂಥವರ ಗಂಟಲೂ ಕಟ್ಟುತ್ತದೆ.

ಆದರೆ ನಡೆದದ್ದು ಬೇರೆ. ಡಾನ್ ಪಿಯೆತ್ರೊ ಪಾತ್ರಕ್ಕೆ ಮಾದರಿಯಾದ ಪಾದ್ರಿಗಳು ಇಬ್ಬರು. ಒಬ್ಬರು ಜುಸೆಪ್ಪೆ ಮೊರೊಸೀನಿ. 1944ರ ಏಪ್ರಿಲ್ 3ರಂದು ಅವರನ್ನು ಗುಂಡಿಕ್ಕಿ ಕೊಂದರು. ಹನ್ನೆರಡು ಮಂದಿಯ ಆ ತುಕಡಿಯಲ್ಲಿ ಹತ್ತು ಮಂದಿ ಗುರಿ ತಪ್ಪಿಸಿದರು ಎಂದೇ ದಾಖಲೆ ಇದೆ, ಅಲ್ಲಿಗೆ ಚಿತ್ರ ನಿಜ ಹೇಳಿದೆ. ಗಾಯಗೊಂಡು ಬಿದ್ದವರ ತಲೆಗೆ ಪಿಸ್ತೂಲು ಹಿಡಿದವನು ಮಾತ್ರ ಜರ್ಮನ್ ಅಲ್ಲ. ಅವನೂ ಇಟಲಿಯವನೇ, ಆ ತುಕಡಿಯ ಫ್ಯಾಸಿಸ್ಟ್ ಅಧಿಕಾರಿ. ಇನ್ನೊಬ್ಬರು ಪಿಯೆತ್ರೊ ಪಪ್ಪಗಾಲ್ಲೊ. ಮಾರ್ಚ್ 24ರಂದು ರೋಮಿನ ಹೊರಗಿನ ಅರ್ದೆಯಾತಿನೆ ಗುಹೆಗಳಲ್ಲಿ ಜರ್ಮನರು ಕೊಂದ 335 ಜನರಲ್ಲಿ ಅವರೂ ಒಬ್ಬರು. ಆ ಪಟ್ಟಿ ತುಂಬಿಸಲು ಐವತ್ತು ಮಂದಿಯನ್ನು ಒದಗಿಸಿಕೊಟ್ಟವನು ರೋಮಿನ ಪೊಲೀಸ್ ಮುಖ್ಯಸ್ಥ ಪಿಯೆತ್ರೊ ಕಾರೂಸೊ, ಇಟಲಿಯವನು. ಯುದ್ಧ ಸರಿದ ಮೇಲೆ ಅವನನ್ನು ವಿಚಾರಣೆ ಮಾಡಿ 1944ರ ಸೆಪ್ಟೆಂಬರಿನಲ್ಲಿ ಕೊಂದರು. ರೊಸೆಲ್ಲಿನಿ ಕ್ಯಾಮೆರಾ ಹಿಡಿಯುವುದಕ್ಕೆ ನಾಲ್ಕೇ ತಿಂಗಳು ಮೊದಲಿನ ಮಾತು. ಊರಿಗೆಲ್ಲ ಗೊತ್ತಿದ್ದ ಸಂಗತಿ ಇದು.

ಮುಸೊಲಿನಿ ಅಧಿಕಾರಕ್ಕೆ ಬಂದದ್ದು 1922ರಲ್ಲಿ. ಜರ್ಮನರು ಬರುವ ಮೊದಲು ಇಪ್ಪತ್ತೊಂದು ವರ್ಷ ಆ ಜನ ತಮ್ಮವನ ಕೈಕೆಳಗೇ ಇದ್ದರು. ಚಿತ್ರ ಅದನ್ನು ಮೆಲ್ಲಗೆ ಹಾಸಿಗೆಯ ಕೆಳಗೆ ತಳ್ಳುತ್ತದೆ, ಮುದುಕನ ಕೆಳಗೆ ಆಯುಧ ತಳ್ಳಿದ ಹಾಗೆ. ಪಾಪವನ್ನೆಲ್ಲ ಎರಡು ಪಾಲು ಮಾಡಿ ಒಂದು ಪಾಲನ್ನು ಪರದೇಶದವನ ತಲೆಗೂ, ಇನ್ನೊಂದನ್ನು ಒಬ್ಬ ಹೆಂಗಸಿನ ಮೈಮೇಲಿನ ಕೋಟಿಗೂ ಹೊರಿಸುತ್ತದೆ. ಪೀನಾಳ ಬಟ್ಟೆ ಮಾಸಲು, ಆದ್ದರಿಂದ ಅವಳು ಒಳ್ಳೆಯವಳು. ಮರೀನಾಳ ಕೋಣೆಯಲ್ಲಿ ಕನ್ನಡಿ, ಒಳ್ಳೆಯ ಕಾಲುಚೀಲ, ಆದ್ದರಿಂದ ಕೆಟ್ಟವಳು. ಇದನ್ನು ನಮ್ಮ ಎಪ್ಪತ್ತರ ದಶಕದ ಚಿತ್ರಗಳಲ್ಲಿ ಬೇಕಾದಷ್ಟು ನೋಡಿದ್ದೇವೆ. ತಲೆಗೂದಲು ಬಿಟ್ಟುಕೊಂಡು ಸಿಗರೇಟು ಹಿಡಿದು ಬಂದರೆ ಸಾಕು, ಮುಂದೆ ಮನೆ ಮುರಿಯುವವಳು ಅವಳೇ ಎಂದು ಗಾಂಧಿ ಕ್ಲಾಸಿನವರಿಗೂ ಗೊತ್ತಾಗುತ್ತಿತ್ತು. ಬೆರ್ಗ್‌ಮಾನ್ ಕ್ರೂರಿ ಎಂದು ತೋರಿಸಲು ಅವನಿಗೆ ಹೆಣ್ಣಿನ ಒನಪು ಕೊಟ್ಟದ್ದು, ಇಂಗ್ರಿಡ್‌ಗೆ ಗಂಡಿನ ಗತ್ತು ಕೊಟ್ಟದ್ದು ಕೂಡ ಇದೇ ಅಗ್ಗದ ಅಂಗಡಿಯ ಸರಕು. ಪೀನಾಳನ್ನು ಕಂಡ ಕಣ್ಣಿಗೆ ಇದೆಲ್ಲ ಯಾಕೆ ಬೇಕಾಯಿತೋ.

ಯಾಕೆ ಬೇಕಾಯಿತು ಎಂಬುದು ತಿಳಿಯದ ಮಾತೇನೂ ಅಲ್ಲ. 1945ರ ಇಟಲಿಯಲ್ಲಿ ನೆರೆಮನೆಯವನನ್ನು ನೆರೆಮನೆಯವನು ನಂಬದ ಸ್ಥಿತಿ. ನಾವೆಲ್ಲ ಒಂದೇ, ಹೊರಗಿನವನು ಬಂದು ಕೆಡಿಸಿದ ಎಂದು ಒಂದು ಸಲ ಕತ್ತಲಲ್ಲಿ ಒಟ್ಟಿಗೆ ಕುಳಿತು ಅತ್ತರೆ ಮತ್ತೆ ಮುಖ ನೋಡಿ ಮಾತಾಡಬಹುದು. ಆ ಅಳುವಿಗೆ ಬೆಲೆ ಇದೆ. ಆದರೆ ಅದರ ಖರ್ಚನ್ನು ಕೊಟ್ಟವಳು ಮರೀನಾ. ಇದು ನನಗೆ ಇಷ್ಟು ಚುಚ್ಚಲು ಕಾರಣ ರೋಮಲ್ಲ, ನಮ್ಮ ಈಸೂರು.

ನಾನು ಸೊರಬಕ್ಕೆ ಬರುವ ಮೊದಲು ಹನ್ನೊಂದು ವರ್ಷ ಶಿಕಾರಿಪುರದ ಕಡೆ ಪಾಠ ಮಾಡಿದವಳು. ಶಿಕಾರಿಪುರ ತಾಲ್ಲೂಕಿನ ಈಸೂರಿನ ಹೆಸರು ಕೇಳದ ಮಗು ಆ ಕಡೆ ಇಲ್ಲ. 1942, ಕ್ವಿಟ್ ಇಂಡಿಯಾ ಚಳವಳಿ. ಕಂದಾಯ ಕೊಡುವುದಿಲ್ಲ ಎಂದು ಊರು ನಿಂತಿತು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಘೋಷಣೆ ಹುಟ್ಟಿತು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಇಲ್ಲಿ ಪ್ರವೇಶವಿಲ್ಲ ಎಂದು ಊರ ಬಾಗಿಲಿಗೆ ಬೋರ್ಡು ಹಾಕಿ, ವೀರಭದ್ರೇಶ್ವರ ದೇವಸ್ಥಾನದ ಮೇಲೆ ಬಾವುಟ ಹಾರಿಸಿ, ತಮ್ಮದೇ ಸರ್ಕಾರ ಮಾಡಿಕೊಂಡರು. ಅದಕ್ಕೆ ಎಳೆಯ ಹುಡುಗರೇ ಅಧಿಕಾರಿಗಳು. ಜಯಣ್ಣ ಅಮಲ್ದಾರ, ಮಲ್ಲಪ್ಪ ಸಬ್ ಇನ್ಸ್‌ಪೆಕ್ಟರ್. ಹುಡುಗರನ್ನು ಜೈಲಿಗೆ ಹಾಕಲಾರರು ಎಂಬ ಲೆಕ್ಕಾಚಾರವಂತೆ. ರೋಮಿನ ಕುಂಟ ಹುಡುಗನ ಪಡೆಯನ್ನು ನೋಡಿದಾಗ ನನಗೆ ಮೊದಲು ನೆನಪಾದದ್ದು ಇವರು.

ಸೆಪ್ಟೆಂಬರ್ ಕೊನೆಯಲ್ಲಿ ನಿಜವಾದ ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಪೊಲೀಸರೊಂದಿಗೆ ಊರಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಊರಿನವರು ಅವರನ್ನು ಒತ್ತಾಯಿಸಿದರು. ಮಾತಿಗೆ ಮಾತು ಬೆಳೆಯಿತು, ಲಾಠಿ ಬೀಸಿತು, ಗುಂಡು ಹಾರಿತು, ಜನ ತಿರುಗಿಬಿದ್ದರು. ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಅಲ್ಲೇ ಸತ್ತರು. ಮುಂದೆ ಪೊಲೀಸರೂ ಸೈನಿಕರೂ ನುಗ್ಗಿ ಮನೆಗಳನ್ನು ಸೂರೆ ಮಾಡಿದರು, ಜನ ಕಾಡಿಗೆ ಓಡಿದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಆ ಜಾಗ ಈಗ ಫ್ರೀಡಂ ಪಾರ್ಕ್. ಜೀವಾವಧಿ ಶಿಕ್ಷೆಯಾದವರಲ್ಲಿ ಹಾಲಮ್ಮ, ಪಾರ್ವತಮ್ಮ, ಸಿದ್ಧಮ್ಮ ಎಂಬ ಮೂವರು ಹೆಂಗಸರಿದ್ದರು. ಆಗಸ್ಟ್ ಹದಿನೈದರ ಭಾಷಣಗಳಲ್ಲಿ ಐದು ಹೆಸರು ಬಾಯಿಪಾಠವಾಗಿ ಬರುತ್ತವೆ. ಈ ಮೂರನ್ನು ನಾನು ಕೇಳಿದ್ದು ಬೆರಳೆಣಿಕೆಯ ಸಲ.

ಕೆಲವು ವರ್ಷದ ಹಿಂದೆ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಈಸೂರಿನ ನಾಟಕ ಆಡಿದರು. ಚೆನ್ನಾಗಿಯೇ ಆಡಿದರು. ನಡುವೆ ಧುತ್ತೆಂದು ಒಬ್ಬ ಬಿಳಿಯ ದೊರೆ ಬಂದ! ಮುಖಕ್ಕೆ ಡಬ್ಬಿಯಷ್ಟು ಪೌಡರು, ತಲೆಗೆ ಹ್ಯಾಟು, ಕೈಯಲ್ಲಿ ಚಾವಟಿ. 'ಟುಮ್ ಲೋಗ್ ಕಂಡಾಯ ಕೊಡಬೇಕು' ಎಂದು ಅಬ್ಬರಿಸಿದಾಗ ಪೆಂಡಾಲು ಹಾರಿಹೋಗುವ ಹಾಗೆ ಚಪ್ಪಾಳೆ. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' 1961ರಲ್ಲಿ ತೆರೆಗೆ ಬಂದಾಗಿನಿಂದ ನಮ್ಮ ಶಾಲೆಗಳ ರಂಗದ ಮೇಲೆ ಆ ದೊರೆಗೆ ಬಿಡುವೇ ಇಲ್ಲ. ಮರುದಿನ ತರಗತಿಯಲ್ಲಿ ಎಂಟನೆಯ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ಆ ದೊರೆ ಈಸೂರಿಗೆ ಬಂದಿದ್ನಾ?"

"ಇಲ್ಲಮ್ಮ."

"ಮತ್ತೆ ಬಂದೋರು ಯಾರು?"

"ಅಮಲ್ದಾರರು, ಸಬ್ ಇನ್ಸ್‌ಪೆಕ್ಟರು, ಪೊಲೀಸರು."

"ಅವರು ಯಾವ ದೇಶದೋರು?"

"ನಮ್ಮವರೇ. ಮೈಸೂರು ಸಂಸ್ಥಾನದ ನೌಕರರು."

ಅವಳು ಪೆನ್ನಿನ ಮುಚ್ಚಳ ಕಚ್ಚುತ್ತ ಸ್ವಲ್ಪ ಹೊತ್ತು ನಿಂತು, "ಹಂಗಾದ್ರೆ ಬೈಯೋದು ಯಾರಿಗೆ ಮಿಸ್?" ಎಂದಳು.

ತರಗತಿ ನಕ್ಕಿತು, ಅವಳು ನಗಲಿಲ್ಲ. ಈಸೂರಿನ ಕತೆಯ ಕಷ್ಟವೆಲ್ಲ ಆ ಪ್ರಶ್ನೆಯಲ್ಲಿದೆ. ಬಂದವರು ಕನ್ನಡದವರು, ಹೊಡೆದವರು ಕನ್ನಡದವರು, ಸತ್ತವರು ಎರಡೂ ಕಡೆ ಕನ್ನಡದವರು. ಶಿಕ್ಷೆ ಕೊಟ್ಟದ್ದು ಮೈಸೂರು ಸಂಸ್ಥಾನದ ನ್ಯಾಯಾಲಯ. ಬ್ರಿಟಿಷರ ನೆರಳು ಇದರ ಮೇಲೆ ಇತ್ತು ನಿಜ, ಆದರೆ ನೆರಳಿಗೆ ಪೌಡರು ಹಚ್ಚಲು ಬರುವುದಿಲ್ಲ. ಈಸೂರಿನವರ ಧೈರ್ಯ ಇದರಿಂದ ಒಂದು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಅನ್ಯರ ಎದುರು ನಿಲ್ಲುವುದು ಸುಲಭ, ದಿನಬೆಳಗಾದರೆ ಕಚೇರಿಯಲ್ಲಿ ಕೈಮುಗಿಯಬೇಕಾದ ನಮ್ಮವರ ಎದುರು ನಿಂತು ಟೋಪಿ ಚಾಚುವುದು ಕಷ್ಟ. ಆ ಟೋಪಿಯನ್ನೇ ನೋಡಿ. ಹಾಕಿಕೊಳ್ಳಿ ಎಂದರೆ ಏನು? ನೀವೂ ನಮ್ಮವರೇ, ಈ ಕಡೆ ಬನ್ನಿ ಎಂದು ಕರೆದ ಹಾಗೂ ಆಯಿತು, ನಿಮ್ಮ ಅಧಿಕಾರ ಇಲ್ಲಿಗೆ ಮುಗಿಯಿತು ಎಂದು ಅವಮಾನ ಮಾಡಿದ ಹಾಗೂ ಆಯಿತು. ಬಿಳಿಯನ ಮುಂದೆ ಯಾರೂ ಆ ಟೋಪಿ ಹಿಡಿಯುತ್ತಿರಲಿಲ್ಲ. ರೋಮಿನ ಪೊಲೀಸಿನವನ ಕೈಗೆ ಪೀನಾ ರೊಟ್ಟಿ ಇಟ್ಟಳು, ಅವನು ತೆಗೆದುಕೊಂಡ. ಈಸೂರಿನವರು ಟೋಪಿ ಚಾಚಿದರು, ಬಂದವರು ತೆಗೆದುಕೊಳ್ಳಲಿಲ್ಲ. ದೊರೆಯನ್ನು ತಂದು ನಿಲ್ಲಿಸಿದ ನಾಟಕದಲ್ಲಿ ಈ ಗಳಿಗೆಯೇ ಕಳೆದುಹೋಗುತ್ತದೆ.

ಅದೇ 1943ರ ಮಾರ್ಚ್ 29ರಂದು ಕಣ್ಣೂರಿನ ಜೈಲಿನಲ್ಲಿ ಕಾಸರಗೋಡು ಕಡೆಯ ಕಯ್ಯೂರಿನ ನಾಲ್ವರು ರೈತರನ್ನೂ ಗಲ್ಲಿಗೇರಿಸಿದರು. ಕಯ್ಯೂರಿಗೆ ನಮ್ಮ ನಿರಂಜನರ 'ಚಿರಸ್ಮರಣೆ' ಇದೆ, ಮಲೆಯಾಳದಲ್ಲಿ ಲೆನಿನ್ ರಾಜೇಂದ್ರನ್ ಮಾಡಿದ ಚಿತ್ರವಿದೆ. ಅಲ್ಲಿ ಸತ್ತ ಪೊಲೀಸಿನವನೂ ಹೊರದೇಶದವನಲ್ಲ, ಸುಬ್ಬರಾಯ ಎಂಬ ಕಾನ್‌ಸ್ಟೇಬಲ್. ನೆಲ ಹತ್ತಿರದ್ದಾದಷ್ಟೂ ಇಂಥ ಕತೆಯಲ್ಲಿ ವೈರಿಯ ಹೆಸರು ನಮ್ಮ ನೆಂಟರ ಹೆಸರಿನಂತೆಯೇ ಕೇಳುತ್ತದೆ.

ಈಸೂರನ್ನು ಯಾರೇ ತೆರೆಗೆ ತಂದರೂ ರೊಸೆಲ್ಲಿನಿಯಿಂದ ಏನನ್ನು ಕಲಿಯಬೇಕು, ಏನನ್ನು ಬಿಡಬೇಕು ಎಂದು ನನಗೆ ಸ್ಪಷ್ಟವಿದೆ. ಬೇಕರಿಯನ್ನು ಕಲಿಯಲಿ, ಮೆಟ್ಟಿಲಿನ ಮಾತನ್ನು ಕಲಿಯಲಿ, ಹುಡುಗರ ಬೆನ್ನಿನ ಏಟನ್ನೂ ಬಿಡದಿರಲಿ. ಊರು ಬಿಟ್ಟು ಕಾಡಿಗೆ ಓಡಿದ ರಾತ್ರಿ ಹಸುಗೂಸಿನ ಬಾಯಿ ಮುಚ್ಚಿ ಕುಳಿತವಳನ್ನು ತೋರಿಸಲಿ. ಹಿಂತಿರುಗಿ ಬಂದಾಗ ಕಣಜ ಬರಿದು, ಪಾತ್ರೆಯಿಲ್ಲದ ಒಲೆಯ ಮುಂದೆ ಅವಳು ಏನು ಮಾಡಿದಳು ಎಂಬುದು ಗಲ್ಲುಗಂಬದಷ್ಟೇ ಹೊತ್ತು ತೆರೆಯ ಮೇಲೆ ಇರಲಿ. ಹಾಲಮ್ಮ, ಪಾರ್ವತಮ್ಮ, ಸಿದ್ಧಮ್ಮ ಪೀನಾಳ ಹಾಗೆ ಅರ್ಧದಲ್ಲಿ ಸತ್ತವರಲ್ಲ, ಶಿಕ್ಷೆ ಕೇಳಿಸಿಕೊಂಡು ಜೈಲಿಗೆ ನಡೆದವರು. ಅವರ ಕತೆ ಕೊನೆಯ ರೀಲಿನವರೆಗೂ ಬರಬೇಕು. ಅಮಲ್ದಾರರ ಮನೆಯಲ್ಲೂ ಆ ಸಂಜೆ ಯಾರೋ ದೀಪ ಹಚ್ಚಿ ಕಾದಿದ್ದಾರು. ಅವರನ್ನೂ ತೋರಿಸುವ ಎದೆ ನಿರ್ದೇಶಕನಿಗೆ ಇರಬೇಕು. ಬಿಡಬೇಕಾದದ್ದು ಎರಡು: ಪೌಡರಿನ ದೊರೆ ಮತ್ತು ಕೋಟಿನ ಹೆಂಗಸು. ಊರಿನ ಗುಟ್ಟನ್ನು ಹೊರಗೆ ಹಾಕಿದವಳೆಂದು ಯಾವಳೋ ಒಬ್ಬಳನ್ನು ಸೃಷ್ಟಿಸಿ, ಅವಳಿಗೆ ಒಂದು ಜರತಾರಿ ಸೀರೆ ಉಡಿಸಿಬಿಟ್ಟರೆ ನಾನಂತೂ ಟಾಕೀಸಿನಿಂದ ಎದ್ದುಬರುವವಳೇ.

ಇಷ್ಟು ಬೈದ ಮೇಲೂ 'ರೋಮ್, ಓಪನ್ ಸಿಟಿ' ನೋಡಲೇಬೇಕಾದ ಚಿತ್ರ. ಎರಡು ಗಂಟೆಯೂ ಇಲ್ಲ. ಚಿತ್ರಹಿಂಸೆಯ ಭಾಗ ಕೊನೆಯ ಅರ್ಧ ಗಂಟೆಯಲ್ಲಿದೆ, ಸಣ್ಣ ಮಕ್ಕಳನ್ನು ಅಷ್ಟರೊಳಗೆ ಮಲಗಿಸಿ. ಇಂಗ್ಲಿಷ್ ಅಕ್ಷರ ಬೇಗ ಬೇಗ ಓಡುತ್ತದೆ, ಕಾಲೇಜಿಗೆ ಹೋಗುವ ಮಗಳನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡರೆ ಒಳ್ಳೆಯದು. ಮೈದಾನದ ದೃಶ್ಯ ಬಂದಾಗ ಮೊದಲ ಸಲ ಪಾದ್ರಿಯನ್ನು ನೋಡಿ ಅತ್ತುಬಿಡಿ. ಆಮೇಲೆ ಸ್ವಲ್ಪ ಹಿಂದಕ್ಕೆ ತಿರುಗಿಸಿ, ಬಂದೂಕು ಹಿಡಿದು ನಿಂತ ಆ ಇಟಲಿಯ ಹುಡುಗರ ಮುಖವನ್ನು ಇನ್ನೊಮ್ಮೆ ನೋಡಿ. ಎದುರುಮನೆಯ ಅಜ್ಜಿಗೆ ನಾನು ಮೂರು ಸಲ ತಿರುಗಿಸಿ ತೋರಿಸಬೇಕಾಯಿತು.